ಆಯುಧಪೂಜೆಗೆ ಬಂದ ಪಿಸ್ತೂಲು

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರಾಗಿದ್ದೆ. ನಮ್ಮ ಯಜಮಾನರು ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಹಳೆಯ ಯಂತ್ರ ಕಂಡರೆ ಸಾಕು, ಇವರಿಗೆ ಊಟ ನಿದ್ದೆಯ ಪರಿವೆ ಇರುತ್ತಿರಲಿಲ್ಲ. ಬೇಸ್‌ಮೆಂಟಿನಲ್ಲಿ ಆಗಲೇ ನಿಂತುಹೋದ ಗಡಿಯಾರಗಳು, ತಂತಿ ಕಿತ್ತ ರೇಡಿಯೋಗಳು ಗುಡ್ಡೆ ಬಿದ್ದಿದ್ದವು. ಒಂದು ಶುಕ್ರವಾರ ಸಂಜೆ ಅವುಗಳ ಜೊತೆಗೆ ಪಿಸ್ತೂಲೂ ಬಂತು.

ಮೊದಲ ಮಹಾಯುದ್ಧದ ಕಾಲದ ಮಿಲಿಟರಿ ಪಿಸ್ತೂಲು. ಮೇಲಿನ ಬಣ್ಣ ಹೋಗಿತ್ತು. ಹಿಡಿಯ ಮರ ಯಾರದೋ ಅಂಗೈಗೆ ಸವೆದು ನುಣುಪಾಗಿತ್ತು. ಇಟ್ಟುಕೊಂಡು ನೋಡು, ಬೇಕೋ ಬೇಡವೋ ಸೋಮವಾರ ಹೇಳು ಎಂದು ಇವರ ಸಹೋದ್ಯೋಗಿಯೊಬ್ಬ ಕೊಟ್ಟು ಕಳಿಸಿದ್ದ.

"ಆಂಟೀಕ್ ಕಣೇ. ಇದರಲ್ಲಿ ಗುಂಡೇ ಇಲ್ಲ. ಸ್ಪ್ರಿಂಗ್ ಹೇಗೆ ಕೂರಿಸಿದಾರೆ ನೋಡು!"

"ಏನಾದ್ರೂ ಇರಲಿ ರೀ. ಈ ಮನೇಲಿ ಬೇಡ."

ಆಸ್ಪತ್ರೆಯಲ್ಲಿ ಕಂಡದ್ದನ್ನು ನಾನು ಮನೆಯಲ್ಲಿ ಆಡುತ್ತಿರಲಿಲ್ಲ. ಹಾಗಾಗಿ ಇವರಿಗೆ ನನ್ನದು ಬರೀ ಹಠವಾಗಿ ಕಂಡಿತು. ಶನಿವಾರವಿಡೀ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದೆವು.

ಭಾನುವಾರ ಆಯುಧಪೂಜೆ. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಬೆಳಿಗ್ಗೆಯೇ ಸ್ಪ್ಯಾನರು, ಚಾಕು, ಈಳಿಗೆಮಣೆ, ನನ್ನ ಸ್ಟೆತಾಸ್ಕೋಪು, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಜೋಡಿಸಿದರು. ಬಾಗಿಲ ಬಳಿಯ ಕುಂಡದಿಂದ ಸೇವಂತಿಗೆ ಕಿತ್ತು ತಂದು ಕುಂಕುಮದ ಜೊತೆ ಏರಿಸಿದರು. ನೋಡಿದರೆ ಸ್ಟೆತಾಸ್ಕೋಪಿನ ಪಕ್ಕದಲ್ಲೇ ಪಿಸ್ತೂಲು!

"ಅತ್ತೆ, ಅದು ನಮ್ಮದಲ್ಲ."

"ಪೂಜೆ ಆದ್ಮೇಲೆ ನಮ್ಮದೇ. ಪೂಜೆ ಮಾಡಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರೇನಮ್ಮ? ನಾಳೆ ಬೆಳಿಗ್ಗೆವರೆಗೂ ಯಾರೂ ಏನೂ ಮುಟ್ಟೋ ಹಾಗಿಲ್ಲ."

ಇವರ ಮುಖ ಊರಗಲವಾಯಿತು. ತಾಯಿ ಮಗ ಒಂದಾದ ಮೇಲೆ ನನ್ನ ಮಾತು ಎಲ್ಲಿ ನಡೆದೀತು? ಮೈಯೆಲ್ಲ ಉರಿಯಿತು. ಆದರೂ ಹಬ್ಬದ ದಿನ ಎಂದು ಸುಮ್ಮನಾದೆ.

ಊಟ ಮುಗಿಯುತ್ತಿದ್ದಂತೆ ಆಸ್ಪತ್ರೆಯಿಂದ ಫೋನು ಬಂತು. ಜನ ಸಾಲದು, ತಕ್ಷಣ ಬಾ ಎಂದರು. ಸಾಲಿನಿಂದ ಸ್ಟೆತಾಸ್ಕೋಪು ಎತ್ತಿಕೊಂಡೆ.

"ಒಂದು ದಿನ ಅದಕ್ಕೂ ರೆಸ್ಟ್ ಬೇಡ್ವೇನೇ?" ಅತ್ತೆ ಗದರಿದರು.

"ಅಲ್ಲಿರೋರಿಗೆ ಹಬ್ಬ ಇಲ್ಲ ಅತ್ತೆ," ಎಂದು ಹೊರಟೆ.

ಹೋಗಿ ಸ್ವಲ್ಪ ಹೊತ್ತಿಗೆ ಎದೆಗೆ ಗುಂಡು ತಗುಲಿದವನೊಬ್ಬನನ್ನು ತಂದರು. ಇವರದೇ ವಯಸ್ಸು. ಸ್ಟೆತಾಸ್ಕೋಪನ್ನು ಅವನ ಎದೆಗಿಟ್ಟೆ. ಕುಂಕುಮ ಒರೆಸಲು ಮರೆತಿದ್ದೆ. ಬಡಿತ ಒಂದಿಷ್ಟು ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ನಾವು ಮಾಡುವುದನ್ನೆಲ್ಲ ಮಾಡಿದೆವು. ಬಡಿತ ಮತ್ತೆ ಬರಲಿಲ್ಲ. ಹೊರಗೆ ಕೂತಿದ್ದ ಅವನ ತಾಯಿಗೆ ನಾನೇ ಹೋಗಿ ಹೇಳಿದೆ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. "ತಂದ್ಯಾ? ಇದ್ದ ಜಾಗದಲ್ಲೇ ಇಡು," ಎಂದರು ಅತ್ತೆ. ಸಾಲಿನ ಮುಂದೆ ಕೂತೆ. ಕೈ ಮುಂದಕ್ಕೆ ಹೋಗಲಿಲ್ಲ.

"ಅದರ ಪಕ್ಕ ಇಡಲ್ಲ ಅತ್ತೆ. ಇವತ್ತು ಒಬ್ಬ ಹೋದ. ಎದೆಗೆ ಗುಂಡು ಬಿದ್ದಿತ್ತು. ನಾನು ಇದನ್ನಿಟ್ಟು ಕೇಳ್ತಾನೇ ಇದ್ದೆ. ನಿಂತೋಯ್ತು."

ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಆಸ್ಪತ್ರೆಯ ವಿಷಯಕ್ಕೆ ನಾನು ಮನೆಯಲ್ಲಿ ಅತ್ತದ್ದು ಅದೇ ಮೊದಲು. ಆಂಟೀಕು, ಸ್ಪ್ರಿಂಗು ಎನ್ನುತ್ತಿದ್ದ ಇವರು ಪಿಸ್ತೂಲಿನ ಕಡೆಗೆ ಕೈ ಚಾಚಿದರು. ಅಮ್ಮನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

ಅತ್ತೆ ತಾವೇ ಅದನ್ನು ಎತ್ತಿದರು. ಸೆರಗಿನಿಂದ ಕುಂಕುಮ ಒರೆಸಿ ಮಗನ ಕೈಗೆ ಕೊಟ್ಟರು.

"ಈಗಲೇ ಹೋಗಿ ಕೊಟ್ಟು ಬಾ."

"ನಾಳೆವರೆಗೂ ಮುಟ್ಟಬಾರದು ಅಂದ್ಯಲ್ಲಮ್ಮ?"

"ದೇವರಿಗೆ ನಾನು ಹೇಳ್ಕೋತೀನಿ. ನೀನು ಹೋಗು."

ಇವರು ಕಾರು ತೆಗೆದುಕೊಂಡು ಹೋದರು. ಪಿಸ್ತೂಲಿದ್ದ ಜಾಗದಲ್ಲಿ ಒಂದು ಸೇವಂತಿಗೆ ಉಳಿದಿತ್ತು. ಅತ್ತೆ ನನ್ನ ಕೈಯಿಂದ ಸ್ಟೆತಾಸ್ಕೋಪು ತೆಗೆದುಕೊಂಡು ಅಲ್ಲಿಟ್ಟರು. ಅದಕ್ಕೆ ಮತ್ತೆ ಕುಂಕುಮ ಹಚ್ಚಿದರು.