ಅತ್ತೆಯ ಬಾಳೆ, ನನ್ನ ಉರ್ದು

ಇವತ್ತು ಬೆಳಿಗ್ಗೆ ಮೋಮಿನಪುರದ ತಿರುವಿನಲ್ಲಿ ಒಂದು ಕೈಗಾಡಿ ನನ್ನನ್ನು ದಾಟಿ ಹೋಯಿತು. ತಿರುಗಿ ನೋಡುವ ಮೊದಲೇ ಮೂಗಿಗೆ ತಿಳಿಯಿತು, ಕಮಲಾಪುರದ ಕೆಂಪು ಬಾಳೆ. ಆ ವಾಸನೆಗೆ ನನಗೆ ಬಾಯಲ್ಲಿ ನೀರಿನ ಜೊತೆ ಸ್ವಲ್ಪ ನಾಚಿಕೆಯೂ ಬರುತ್ತದೆ. ನೀರು ಯಾಕೆಂದು ನಿಮಗೂ ಗೊತ್ತು. ನಾಚಿಕೆ ಯಾಕೆಂದು ಹೇಳುತ್ತೇನೆ.

ನಿಜಾಮರ ಕಾಲ. ಕಲಬುರ್ಗಿಯ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆದು ನಾನು ಹೊಟ್ಟೆ ಹೊರೆಯುತ್ತಿದ್ದೆ. ಉರ್ದು ಚೆನ್ನಾಗಿ ಬರುತ್ತಿತ್ತು, ಬರುತ್ತದೆಂಬ ಜಂಬ ಇನ್ನೂ ಚೆನ್ನಾಗಿತ್ತು. ಯಾರದೋ ಎಮ್ಮೆ ಕಳೆದ ಅರ್ಜಿಯಲ್ಲೂ ನ್ಯಾಯ, ದಯೆ, ಪ್ರಜೆಗಳ ಸುಖ ಎಲ್ಲ ಬಂದು ಹೋಗಿ, ಎಮ್ಮೆ ಕೊನೆಯ ಸಾಲಿನಲ್ಲಿ ಸಿಗುತ್ತಿತ್ತು.

ನನ್ನ ಸೋದರತ್ತೆ ಗುರುಬಸವ್ವನದು ಕಮಲಾಪುರ. ಗಂಡ ತೀರಿಕೊಂಡ ಮೇಲೆ ಬಾಳೆ ತೋಟವನ್ನು ಒಬ್ಬಳೇ ನೋಡಿಕೊಂಡಿದ್ದಳು. ಗೊನೆಗಳನ್ನು ಗಾಡಿಯಲ್ಲಿ ಕಲಬುರ್ಗಿಗೆ ತಂದು, ತನಗೆ ತೋಚಿದ ಬೆಲೆಗೆ ಮಾರುತ್ತಿದ್ದಳು. ಒಂದು ವರ್ಷ ಪೇಟೆಯ ವ್ಯಾಪಾರಿಯೊಬ್ಬ ಕೆಂಪು ಬಾಳೆಯ ಗುತ್ತಿಗೆ ತನಗೊಬ್ಬನಿಗೇ ಬೇಕೆಂದು ಸರ್ಕಾರವನ್ನು ಕೇಳಿಕೊಂಡ. ಬೆಳೆದವರು ಅವನಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕು. ಹಾಗಾದರೆ ತೋಟ ಹೆಸರಿಗಷ್ಟೇ ಅತ್ತೆಯದು. ಅವಳು ಗಾಬರಿಯಾಗಿ ನನ್ನ ಹತ್ತಿರ ಬಂದಳು. ನಾನು ಉತ್ಸಾಹದಿಂದ ನಾಲ್ಕು ಪುಟ ಬರೆದೆ.

ಕಮಲಾಪುರದ ಚಾವಡಿಯಲ್ಲಿ ವಿಚಾರಣೆ. ವ್ಯಾಪಾರಿ ಎದ್ದು, ತನಗೆ ಲಾಭದ ಆಸೆಯಿಲ್ಲ, ಹಣ್ಣು ಎಲ್ಲರಿಗೂ ಸುಲಭವಾಗಿ ಸಿಗಲೆಂದು ಈ ಕಷ್ಟ ಹೊರುತ್ತಿದ್ದೇನೆ ಎಂದ. ನಾನು ಬಿಡುತ್ತೇನೆಯೇ? ಈ ವಿಧವೆಗೆ ಸ್ವಂತದ ಚಿಂತೆಯೇ ಇಲ್ಲ, ಜನಸೇವೆಗಾಗಿಯೇ ಬಾಳೆ ಬೆಳೆಯುತ್ತಾಳೆ ಎಂದು ರಾಗವಾಗಿ ಓದಿದೆ. ತಹಸೀಲ್ದಾರ ಸಾಹೇಬರು ಗಡ್ಡ ನೀವಿಕೊಂಡು, ಸ್ವಂತದ ಚಿಂತೆ ಇಲ್ಲದ ಮೇಲೆ ಗುತ್ತೇದಾರನಿಗೆ ಕೊಟ್ಟರೆ ಈಕೆ ಕಳೆದುಕೊಳ್ಳುವುದೇನು ಎಂದು ಕೇಳಿದರು. ಅತ್ತೆಯ ತೋಟವನ್ನು ನಾನೇ ಕೈಯಾರೆ ಒಪ್ಪಿಸಿದಂತಾಗಿತ್ತು.

ಪೇಟೆಯಲ್ಲಿ ಮಾರಿ ಮಾರಿ ಉರ್ದು ತಿಳಿಯುತ್ತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು.

“ಈ ಹುಡುಗ ಸುಳ್ಳು ಬರದಾನ್ರೀ ಸಾಹೇಬ್ರ. ನಾ ಬೆಳಿಯೂದು ನನ್ನ ಲಾಭಕ್ಕ. ಗಾಳಿ ಬಿಟ್ರ ಓಡಿ ಹೋಗಿ ಗಿಡಕ್ಕ ಆಸರಿಗಿ ಗಳ ಕೊಡತೀನಿ, ಯಾಕಂದ್ರ ಗೊನಿ ನಂದು. ನಾಳಿಗಿ ಅದು ಅವನದಾದ್ರ, ಗಳ ಕೊಡಾಕ ಅವನೇ ಓಡಿ ಬರತಾನೇನು, ಕೇಳ್ರಿ.”

ನಾನು ಇದನ್ನು ಮೆತ್ತಗೆ ಮಾಡಿ ಉರ್ದುವಿಗೆ ತರಲು ಬಾಯಿ ತೆರೆದೆ. ಸಾಹೇಬರು ಕೈಯೆತ್ತಿ ತಡೆದರು. ಅವರಿಗೆ ಕನ್ನಡ ಬರುತ್ತಿತ್ತು. ನಕ್ಕರು. ಗುತ್ತಿಗೆ ಬೇಡ, ಅವರವರ ಹಣ್ಣು ಅವರವರು ಬೇಕಾದಲ್ಲಿ ಮಾರಲಿ ಎಂದರು. ಅಷ್ಟರಲ್ಲಿ ಪಕ್ಕದ ಹೊಲದ ಈರಪ್ಪ ಎದ್ದು, ಹಾಗಾದರೆ ನಮಗೂ ಬಾಳೆಯ ಕಂದು ಕೊಡಿಸಿರಿ, ನಾವೂ ಬೆಳೆಯುತ್ತೇವೆ ಎಂದ. ಅತ್ತೆ ಕಂದನ್ನು ಎಮ್ಮೆಗೆ ಹಾಕಿಯಾಳು, ಯಾರಿಗೂ ಕೊಟ್ಟವಳಲ್ಲ. ಚಾವಡಿಯೆಲ್ಲ ಅವಳನ್ನೇ ನೋಡಿತು.

“ಕೊಡೂದಿಲ್ಲ,” ಅಂದಳು. ಸ್ವಲ್ಪ ತಡೆದು, “ಮಾರತೀನಿ.”

ಮಾರಿದಳು ಕೂಡ, ಚೌಕಾಶಿಗೆ ಬಗ್ಗದೆ. ಎರಡು ವರ್ಷದಲ್ಲಿ ಈರಪ್ಪನ ಗಾಡಿಯೂ ಕಲಬುರ್ಗಿಗೆ ಬಂತು, ಅತ್ತೆಯ ಬೆಲೆ ಇಳಿಯಿತು. ಒಂದು ಮಧ್ಯಾಹ್ನ ಅವಳು ಬೇವಿನ ಮರದ ಕೆಳಗೆ ಬಂದು ಕೂತಳು. ಈರಪ್ಪನ ಹಣ್ಣು ಸಣ್ಣವು, ತಿಂದ ಜನರಿಗೆ ಮೋಸವಾಗುತ್ತಿದೆ, ಪೇಟೆಗೆ ತರದಂತೆ ತಡೆಯಬೇಕೆಂದು ಒಂದು ಅರ್ಜಿ ಬರೆ ಎಂದಳು. ಜನರ ಹಿತಕ್ಕಾಗಿ!

ನಾನು ಲೇಖನಿ ಕೆಳಗಿಟ್ಟೆ. “ಅತ್ತಿ, ಇದರಾಗ ನಿನಗೇನು ಸಿಗತದ?”

ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎಂಥ ನಗು ಬಂತೆಂದರೆ ಕಣ್ಣೊರೆಸಿಕೊಳ್ಳಬೇಕಾಯಿತು. ಎದ್ದು ಊರಿಗೆ ಹೋದವಳು ಆ ವರ್ಷ ತೋಟಕ್ಕೆ ಇಮ್ಮಡಿ ಗೊಬ್ಬರ ಹಾಕಿಸಿದಳಂತೆ.

ಅಂದಿನಿಂದ ಯಾರು ಊರಿನ ಹಿತವೆಂದು ಮಾತು ತೆಗೆದರೂ ನಾನು ಅದೇ ಪ್ರಶ್ನೆ ಕೇಳುತ್ತೇನೆ. ಅರ್ಧ ಜನ ಎದ್ದು ಹೋಗುತ್ತಾರೆ. ಇವತ್ತು ಇದನ್ನು ಬರೆಯಲು ಕೂತಾಗ ನನ್ನನ್ನೂ ಕೇಳಿಕೊಂಡೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಬರೆಯುತ್ತಿದ್ದ ಒಂದು ಗಂಟೆಯ ಮಟ್ಟಿಗೆ ಅವಳು ಎದುರಿಗೆ ಬಂದು ಕೂತಿದ್ದಳು. ನಿಮಗೆ ಏನು ಸಿಕ್ಕಿತೋ ಕಾಣೆ, ನನಗಂತೂ ಭರ್ತಿ ಲಾಭ.