ಸೊನ್ನೆಯಿಂದ ಶುರುವಾದ ನಂಬರ್

ನಿನ್ನೆ ನಮ್ಮ ವಾರ್ಡಿಗೆ ಹೊಸ ಟ್ಯಾಬ್ ಬಂತು. ಪೇಷಂಟಿನ ಫೋನ್ ನಂಬರ್ ತುಂಬುವಲ್ಲಿ ಹತ್ತು ಪುಟ್ಟ ಗೀಟುಗಳು. ಒಂದೊಂದು ಅಂಕಿ ಒತ್ತಿದಂತೆ ಒಂದೊಂದು ಗೀಟು ತುಂಬುತ್ತದೆ. ಹತ್ತಾದ ಮೇಲೆ ಜಪ್ಪಯ್ಯ ಅಂದರೂ ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಆ ಗೀಟುಗಳನ್ನು ನೋಡಿದ್ದೇ ತಡ, ಹಿರಿಯೂರಿನ ಫಾರಂ ಅಕ್ಕ ನೆನಪಾದಳು…

ಬಸ್ ಸ್ಟ್ಯಾಂಡಿನ ಹಿಂದೆ, ತೆಂಗಿನಕಾಯಿ ಮಂಡಿಯ ಪಕ್ಕ, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷಿನ್ನು ಇಟ್ಟುಕೊಂಡು ಊರವರ ಅರ್ಜಿಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬುತ್ತಿದ್ದಳು. ಬಾಯಿ ಜೋರು, ಬೆರಳು ಇನ್ನೂ ಜೋರು. ಕೀಲಿಮಣೆ ನೋಡಿಕೊಂಡು ಪಟಪಟ ಕುಟ್ಟುತ್ತಿದ್ದಳೇ ಹೊರತು ಪರದೆಯ ಕಡೆ ತಲೆ ಎತ್ತುತ್ತಿರಲಿಲ್ಲ. ನನ್ನ ನರ್ಸಿಂಗ್ ಸೀಟಿನ ಅರ್ಜಿ ತುಂಬಿದ್ದೂ ಅವಳೇ.

ನಮ್ಮಪ್ಪ ಕುರಿ ಮೇಯಿಸಲು ವರ್ಷಕ್ಕೆ ನಾಲ್ಕು ತಿಂಗಳು ಆಂಧ್ರದ ಕಡೆ ಹೋಗುತ್ತಿದ್ದವನು. ಆಗ ಅಲ್ಲಿಂದ ಮೊದಲು ಸೊನ್ನೆ ಒತ್ತದಿದ್ದರೆ ನಮ್ಮ ಮನೆಯ ಮೊಬೈಲಿಗೆ ಫೋನ್ ಹತ್ತುತ್ತಿರಲಿಲ್ಲ. ಹಾಗಾಗಿ ಸೊನ್ನೆ ಸೇರಿಸಿಯೇ ನಂಬರ್ ಬಾಯಿಪಾಠ ಮಾಡಿಕೊಂಡಿದ್ದ. ಅಕ್ಕನಿಗೂ ಹಾಗೇ ಹೇಳಿದ. ಆ ಅರ್ಜಿಯಲ್ಲೂ ಹತ್ತೇ ಗೀಟು. ಸೊನ್ನೆ ಮೊದಲ ಗೀಟಿನ ಮೇಲೆ ಕೂತಿತು, ಕೊನೆಯ ಅಂಕಿ ಹೊರಗುಳಿಯಿತು. ಪಕ್ಕದಲ್ಲೇ ನಿಂತಿದ್ದ ನಾನು, ದಡ್ಡಿ, ನೋಡಲೇ ಇಲ್ಲ.

ದಾಖಲಾತಿಗೆ ಬನ್ನಿ ಎಂಬ ಮೆಸೇಜು ನಮಗೆ ತಲುಪಲಿಲ್ಲ. ವಿಚಾರಿಸಲು ಅಂಗಡಿಗೆ ಹೋದಾಗ ಗಡುವು ಮುಗಿದು ಎರಡು ದಿನವಾಗಿತ್ತು. ಅಕ್ಕ ಅರ್ಜಿಯ ಪ್ರತಿ ತೆಗೆದು, ನಂಬರಿನ ಒಂದೊಂದೇ ಅಂಕಿ ಎಣಿಸಿ, ಮೊದಲಿನ ಸೊನ್ನೆಯ ಮೇಲೆ ಬೆರಳಿಟ್ಟಳು. ಅಪ್ಪ ಮೆಲ್ಲಗೆ, "ಹೋಗ್ಲಿ ಬಿಡವ್ವ, ಬರೋ ವರ್ಷ ನೋಡಾಣ" ಎಂದ. ಬರುವ ವರ್ಷ ಅಂದರೆ ನನ್ನ ಮದುವೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಏನ್ ನೋಡಾದು? ಏಳ್ರಿ, ದುರ್ಗಕ್ಕೆ ಹೋಗಾಣ!" ಎಂದು ಷಟರ್ ಎಳೆದೇಬಿಟ್ಟಳು.

ಚಿತ್ರದುರ್ಗದ ಕಚೇರಿಯಲ್ಲಿ ಸಾಹೇಬರು ಆಗಲ್ಲ ಅಂದರು. ಊರಿಗೆಲ್ಲ ಗದರುವ ಅಕ್ಕ ಕೈಮುಗಿದು ನಿಂತಳು. "ತಪ್ಪು ನಂದು ಸಾರ್. ಸ್ಕ್ರೀನ್ ನೋಡ್ದಂಗೆ ಕುಟ್ಟಿದೋಳು ನಾನು. ಬೇಕಾದ್ರೆ ಬರ್ಕೊಡ್ತೀನಿ." ಬರೆದೂ ಕೊಟ್ಟಳು, ಅಂಗಡಿಯ ಸೀಲು ಒತ್ತಿ. ಮೂರು ಸಲ ಅಲೆದ ಮೇಲೆ ಯಾರೋ ಬಿಟ್ಟ ಸೀಟು ನನಗೆ ಸಿಕ್ಕಿತು.

ಅಲ್ಲಿಂದಾಚೆ ಅವಳು ಯಾರ ನಂಬರನ್ನೂ ಅವರಿಂದಲೇ ಓದಿಸದೆ ಬಿಡುತ್ತಿರಲಿಲ್ಲ. ಓದಲು ಬಾರದವರಿಗೆ ಅಲ್ಲೇ ರಿಂಗ್ ಕೊಟ್ಟು, "ನಿಮ್ ಫೋನೇ ಬಡ್ಕಂತಾ? ಹಂಗಾದ್ರೆ ಸರಿ ಐತೆ" ಎನ್ನುತ್ತಿದ್ದಳು.

ಕೆಲಸ ಸಿಕ್ಕಾಗ ನಾನು ತೆಗೆದುಕೊಂಡ ನಂಬರನ್ನು ಮೊದಲು ಬರೆದುಕೊಂಡವಳು ಅಕ್ಕನೇ. ಆಮೇಲೆ ಮದುವೆಯಾಯಿತು, ನಂಬರ್ ಬದಲಾಯಿತು. ಬ್ಯಾಂಕು, ಗ್ಯಾಸು, ರೇಷನ್ನು… ಎಲ್ಲ ಕಡೆ ಹೊಸದನ್ನು ಕೊಟ್ಟೆ. ಅಕ್ಕನಿಗೆ, ಊರಿಗೆ ಹೋದಾಗ ಕೊಟ್ಟರಾಯಿತು ಅಂದುಕೊಂಡೆ. ಹೋಗಲಿಲ್ಲ.

ಕೊನೆಗೂ ಕಳೆದ ವರ್ಷ ಊರಿಗೆ ಹೋದಾಗ ಅಂಗಡಿಯಲ್ಲಿ ಅವಳ ತಂಗಿ ಕೂತಿದ್ದಳು. ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು.

"ಹುಷಾರಿಲ್ದಾಗ ನಿನ್ನೇ ಕೇಳ್ತಿದ್ಲು ಕಣವ್ವ. ನಾನೇ ಫೋನ್ ಮಾಡ್ದೆ, ಯಾರೋ ರಾಂಗ್ ನಂಬರ್ ಅಂದ್ರು. 'ನಾನೇ ತಪ್ಪಾಗಿ ಬರ್ಕಂಡಿರ್ಬೇಕು, ಇನ್ನೊಂದ್ ಸಲ ಓದೇ' ಅಂತ ಒದ್ದಾಡಿದ್ಲು."

ನಿನ್ನೆ ಆ ಟ್ಯಾಬ್ ಹಿಡಿದುಕೊಂಡು, ಪೇಷಂಟುಗಳ ಎದುರಿಗೇ ಅತ್ತುಬಿಟ್ಟೆ. ಅಕ್ಕ ನಂಬರನ್ನು ಸರಿಯಾಗೇ ಬರೆದುಕೊಂಡಿದ್ದಳು. ಅದನ್ನು ಅವಳಿಗೆ ಹೇಳಬೇಕು… ಹೇಳೋಣವೆಂದರೆ ಅವಳಿಲ್ಲ.