ವಕ್ಕಾಸ್ ಕೈಮಾ ನಾದಿದ ಶುಕ್ರವಾರ

ನಮ್ಮ ಮೇಲಿನ ಮನೆಯ ವಕ್ಕಾಸ್ ಮೂವತ್ತೊಂದು ವರ್ಷ ತುರ್ಕಿಯ ಆಂಟೆಪ್ ಊರೊಳಗಿನ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟೂ ವರ್ಷ ಅವನು ಅಡುಗೆಮನೆಗೆ ಕಾಲಿಟ್ಟದ್ದು ನೀರು ಕುಡಿಯಲು ಮಾತ್ರ. ಆದರೆ ಊಟಕ್ಕೆ ಕೂತರೆ ಅವನಷ್ಟು ಬಲ್ಲವರಿಲ್ಲ. "ಖಾರ ಒಂಚೂರು ಮುಂದಾಯ್ತು" ಎಂದೋ "ಉಪ್ಪು ಸಾಲ್ದು" ಎಂದೋ ಹೇಳದೆ ಎದ್ದವನೇ ಅಲ್ಲ.

ಸೆಪ್ಟೆಂಬರಿನಲ್ಲಿ ಅವನ ಹೆಂಡತಿ ಶೆಹ್ರಿಬಾನ್ ತಾರಸಿಯಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿ ಇಳಿಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅದೇ ವಾರದ ಶುಕ್ರವಾರ ವಕ್ಕಾಸನ ತಂಗಿ ನಜೀರೆ ಗಂಡನೊಂದಿಗೆ ಊಟಕ್ಕೆ ಬರುವುದಿತ್ತು. ನಜೀರೆ ಬಂದಳೆಂದರೆ ಓವನ್ನಿನಲ್ಲಿ ಬೇಯಿಸಿದ ಖಾರದ ಕೈಮಾ ಉಂಡೆಯೇ ಆಗಬೇಕು.

"ಹೋಟೆಲಿಂದ ತರಿಸಿಬಿಡೋಣ ಕಣೇ" ಎಂದ ವಕ್ಕಾಸ್.

"ನಾನಿನ್ನೂ ಬದುಕಿದೀನಿ. ತೋಳು ಮಡಚ್ಕೊಂಡು ಬನ್ನಿ ಇಲ್ಲಿ!"

ಅವನು ಮೊದಲು ಮಾಡಿದ ಕೆಲಸ ಕಿಟಕಿಯ ಪರದೆ ಎಳೆದದ್ದು. ಎದುರು ಚಹಾದಂಗಡಿಯ ಗೆಳೆಯರ ಕಣ್ಣಿಗೆ ಬಿದ್ದರೆ ಕಥೆ ಮುಗಿದ ಹಾಗೆ. ಶೆಹ್ರಿಬಾನ್ ಕುರ್ಚಿ ಹಾಕಿಸಿಕೊಂಡು ಕೂತು, ಕುರಿಮಾಂಸದ ಕೈಮಾಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಅರೆದ ಕೆಂಪು ಮೆಣಸು ಎಲ್ಲ ಹಾಕಿಸಿದಳು.

"ಏನ್ರೀ ಅದು, ಕೂಸಿನ ತಲೆ ಸವರ್ದಂಗೆ ಸವರ್ತಿದೀರ? ಅಂಗೈ ಊರಿ ನಾದ್ರಿ!"

"ನಾದ್ತಾನೇ ಇದೀನಲ್ಲೇ!"

"ಎಲ್ಲಿ? ಇನ್ನೂ ಅಂಟೇ ಬಂದಿಲ್ಲ."

ಬೆವರು ಕಣ್ಣಿಗಿಳಿಯಿತು. ಕೈಯಲ್ಲಿ ಮೆಣಸಿರುವುದನ್ನು ಮರೆತು ಒರೆಸಿಕೊಂಡುಬಿಟ್ಟ. ಅವನ ಕೂಗು ನಮ್ಮ ಮನೆಗೂ ಕೇಳಿ ಓಡಿಹೋದೆ. ಮನುಷ್ಯ ನಲ್ಲಿಯ ಕೆಳಗೆ ಮುಖ ಕೊಟ್ಟು ನಿಂತಿದ್ದಾನೆ. ಶೆಹ್ರಿಬಾನ್ ಪ್ಲಾಸ್ಟರ್ ಕೈಯನ್ನು ಎದೆಗವಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದಾಳೆ.

ಉಂಡೆಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬಂದವು. ನಡುನಡುವೆ ಟೊಮೆಟೊ, ಹಸಿಮೆಣಸಿನಕಾಯಿ ಸಿಕ್ಕಿಸಿ ಓವನ್ನಿಗಿಟ್ಟ ವಕ್ಕಾಸ್, ಮುಕ್ಕಾಲು ಗಂಟೆ ಅದರ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದ.

ನಜೀರೆ ಮೊದಲ ತುತ್ತಿಗೇ ಕಣ್ಣರಳಿಸಿದಳು. "ಒಂದೇ ಕೈಲಿ ಹೆಂಗೆ ಮಾಡಿದ್ರಿ ಅತ್ತಿಗೆ?"

ಹೇಳಬೇಡವೆಂದು ವಕ್ಕಾಸ್ ಸನ್ನೆ ಮಾಡಿದ.

"ನಾನೆಲ್ಲಿ ಮಾಡ್ದೆ? ನಿಮ್ಮಣ್ಣನ್ನ ಕೇಳು. ಕಣ್ಣು ನೋಡು, ಇನ್ನೂ ಕೆಂಪಗಿದೆ!"

ನಜೀರೆಯ ಗಂಡ ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ನಕ್ಕ. ವಕ್ಕಾಸನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಆದರೆ ಎಲ್ಲರೂ ಮತ್ತೆ ತಟ್ಟೆ ಚಾಚಿದಾಗ ಸೌಟು ಅವನೇ ಕಿತ್ತುಕೊಂಡ. "ತಡೀರಿ, ತಡೀರಿ! ದೊಡ್ಡವೆಲ್ಲ ಶೆಹ್ರಿಬಾನ್‌ಗೆ."

ಮರುದಿನವೇ ಸುದ್ದಿ ಚಹಾದಂಗಡಿ ಮುಟ್ಟಿತು. "ಬಾಣಸಿಗರು ಬಂದ್ರು, ಜಾಗ ಬಿಡ್ರೋ!" ಎಂದು ಎಲ್ಲರೂ ಎದ್ದು ನಿಂತರು. ವಕ್ಕಾಸ್ ಎರಡು ದಿನ ಅತ್ತ ಸುಳಿಯಲಿಲ್ಲ. ಮೂರನೆಯ ದಿನ ಒಂದು ತಟ್ಟೆ ತುಂಬ ಉಂಡೆ ಮಾಡಿ ತಾನೇ ಹೊತ್ತೊಯ್ದ. ತಿಂದವರು ಬೆವರೊರೆಸಿಕೊಳ್ಳುತ್ತಲೇ ಮತ್ತೊಂದಕ್ಕೆ ಕೈ ಚಾಚಿದರು. ಇಬ್ಬರಂತೂ ಅವನನ್ನು ಪಕ್ಕಕ್ಕೆ ಕರೆದು, ಈರುಳ್ಳಿ ಎಷ್ಟು ಹಾಕಬೇಕೆಂದು ಮೆಲ್ಲಗೆ ಕೇಳಿದರಂತೆ.

ನವೆಂಬರಿನಲ್ಲಿ ಪ್ಲಾಸ್ಟರ್ ಬಿಚ್ಚಿದ ವೈದ್ಯರು ಬೆರಳುಗಳಿಗೆ ಕೆಲಸ ಕೊಡುತ್ತಿರಿ ಎಂದರು. ಈಗ ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಒಂದೇ ಬೋಗುಣಿಯಲ್ಲಿ ಕೈಯಿಟ್ಟು ಕೈಮಾ ನಾದುತ್ತಾರೆ. ಅವರ ಜಗಳ ನಮಗೆಲ್ಲ ಕೇಳುತ್ತದೆ. ಮಧ್ಯಾಹ್ನ ಒಂದು ತಟ್ಟೆ ನಮ್ಮ ಬಾಗಿಲಿಗೂ ಬರುತ್ತದೆ.